ಕುದಿ ಬಂದ ಮೇಲೆ ಒಲೆ ಆರಿಸಿ: ಯುದ್ಧಾನಂತರದ ಪರದೇಶವಾಸದಲ್ಲಿ ಇಂಧನ ಉಳಿಸುವ ಬಗೆ

ಯುದ್ಧ ನಿಂತ ಮಾತ್ರಕ್ಕೆ ಗ್ಯಾಸು, ಸೀಮೆಎಣ್ಣೆ ಮನೆಬಾಗಿಲಿಗೆ ಬರುವುದಿಲ್ಲ. ಪರದೇಶದಲ್ಲಿದ್ದರೆ ಸಿಕ್ಕಿದ್ದರಲ್ಲೇ ದಿನ ದೂಡಬೇಕು. ಅಡುಗೆಯಲ್ಲಿ ಇಂಧನ ಹೆಚ್ಚು ಪೋಲಾಗುವುದು ಕುದಿ ಬಂದ ಮೇಲೆಯೇ. 1 ಲೀಟರ್ ನೀರನ್ನು 20ರಿಂದ 100 ಡಿಗ್ರಿಗೆ ಕಾಯಿಸಲು ಸುಮಾರು 335 ಕಿಲೋಜೂಲ್ ಸಾಕು. ಅಷ್ಟೇ ನೀರು ಆವಿಯಾಗಿ ಹೋಗಲು ಸುಮಾರು 2,260 ಬೇಕು. ಉರಿ ಜೋರು ಮಾಡಿದರೆ ಹಬೆ ಹೆಚ್ಚುತ್ತದೆಯೇ ಹೊರತು ಕಾಳು ಬೇಗ ಬೇಯುವುದಿಲ್ಲ.

ಹಾಗಾಗಿ ಮೊದಲು, ಕುದಿದ ಪಾತ್ರೆಯ ಶಾಖ ಹೊರಹೋಗದಂತೆ ಹಿಡಿದಿಟ್ಟು ಒಲೆಯಿಲ್ಲದೆಯೇ ಬೇಯಿಸುವ ಶಾಖಪೆಟ್ಟಿಗೆ ಮಾಡಿಕೊಳ್ಳಿ. ದೊಡ್ಡ ರಟ್ಟಿನ ಡಬ್ಬದ ತಳಕ್ಕೂ ಸುತ್ತಲೂ 10 ಸೆಂ.ಮೀ. ದಪ್ಪ ಒಣಹುಲ್ಲು, ಹಳೇ ಕಂಬಳಿ ಅಥವಾ ಮುದುರಿದ ಕಾಗದ ತುಂಬಿ, ನಡುವೆ ಪಾತ್ರೆ ಬಿಗಿಯಾಗಿ ಕೂರುವಷ್ಟು ಗುಳಿ ಬಿಡಿ. ಮೇಲೆ ಮುಚ್ಚಲು ಅಷ್ಟೇ ದಪ್ಪದ ದಿಂಬು. ರಾತ್ರಿಯಿಡೀ ನೆನೆಸಿದ ಕಾಳಿನ ನೀರು ಚೆಲ್ಲಿ, ಹೊಸ ನೀರು ಹಾಕಿ, ಮುಚ್ಚಳ ಮುಚ್ಚಿ 10 ನಿಮಿಷ ಚೆನ್ನಾಗಿ ಕುದಿಸಿ. ರಾಜ್ಮಾಕ್ಕಂತೂ ಈ 10 ನಿಮಿಷ ಬಿಡುವಂತಿಲ್ಲ, ಅದರಲ್ಲಿರುವ ವಿಷಾಂಶ ಕಡಿಮೆ ಶಾಖಕ್ಕೆ ಹೋಗುವುದಿಲ್ಲ. ಆಮೇಲೆ ಒಲೆ ಆರಿಸಿ, ಪಾತ್ರೆಯನ್ನು ತಕ್ಷಣ ಪೆಟ್ಟಿಗೆಗಿಳಿಸಿ 3 ಗಂಟೆ ಬಿಡಿ. ಆವಿ ಹೋಗದ ಕಾರಣ ನೀರು ಕಾಲುಭಾಗ ಕಡಿಮೆ ಸಾಕು. ಅಕ್ಕಿಗೆ 5 ನಿಮಿಷ ಕುದಿ, ಪೆಟ್ಟಿಗೆಯಲ್ಲಿ 1 ಗಂಟೆ.

ಬೇಯದಿದ್ದರೆ ಕಾರಣ ಸಾಮಾನ್ಯವಾಗಿ ಅರ್ಧ ಖಾಲಿ ಪಾತ್ರೆ, ಒದ್ದೆ ಹುಲ್ಲು, ಇಲ್ಲವೇ ನಡುವೆ ಮುಚ್ಚಳ ತೆಗೆದು ನೋಡಿದ್ದು. ಮುಕ್ಕಾಲು ಪಾತ್ರೆಯಾದರೂ ತುಂಬಿರಲಿ. ಊಟಕ್ಕೆ ಮುಂಚೆ ಇನ್ನೊಮ್ಮೆ ಕುದಿ ಬರಿಸಿ. ಶಾಖ 60 ಡಿಗ್ರಿಗಿಂತ ಇಳಿದರೆ ಬ್ಯಾಕ್ಟೀರಿಯಾ ಬೆಳೆಯತೊಡಗುತ್ತದೆ. ರಾತ್ರಿಯಿಡೀ ಬಿಟ್ಟು ತಣ್ಣಗಾದದ್ದನ್ನು ತಿನ್ನಬೇಡಿ.

ಚಳಿದೇಶದಲ್ಲಿ ಹೊರಗಿಟ್ಟ ಸಿಲಿಂಡರ್ ತೂಕವಿದ್ದರೂ ಉರಿ ಬರದಿದ್ದರೆ ಒಳಗೆ ಬ್ಯೂಟೇನ್ ಎಂಬ ಬಗೆಯ ಗ್ಯಾಸು ಇರಬಹುದು. ಅದು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಆವಿಯಾಗುವುದು ನಿಲ್ಲಿಸುತ್ತದೆ. ಇನ್ನೊಂದು ಬಗೆಯ ಗ್ಯಾಸಾದ ಪ್ರೊಪೇನ್ ಮೈನಸ್ 42ರವರೆಗೂ ಆವಿಯಾಗುತ್ತದೆ. ಸಿಲಿಂಡರಿಗೆ ಬೆಂಕಿ ತಾಗಿಸಿ ಕಾಯಿಸುವುದು ಪ್ರಾಣಕ್ಕೇ ಅಪಾಯ. ಊರಿನಿಂದ ತಂದ ರೆಗ್ಯುಲೇಟರ್ ಅಲ್ಲಿನ ವಾಲ್ವಿಗೆ ಕೂರದಿದ್ದರೆ ಒತ್ತಿ ಸೇರಿಸಬೇಡಿ, ಅಲ್ಲಿನದನ್ನೇ ಕೊಳ್ಳಿ. ಜೋಡಿಸಿದ ಮೇಲೆ ಸೋಪುನೀರು ಹಚ್ಚಿ. ಗುಳ್ಳೆ ಎದ್ದರೆ ಸೋರಿಕೆ. ಪೈಪ್ ಗ್ಯಾಸಿನ ಒಲೆಯನ್ನು ಜೆಟ್ (ಬರ್ನರಿಗೆ ಗ್ಯಾಸು ಬಿಡುವ ಸಣ್ಣ ತೂತಿನ ಬಿಡಿಭಾಗ) ಬದಲಿಸದೆ ಸಿಲಿಂಡರಿಗೆ ಹಾಕಿದರೆ ಜ್ವಾಲೆ ಹಳದಿಯಾಗಿ, ಪಾತ್ರೆಗೆ ಮಸಿ ಹಿಡಿಯುತ್ತದೆ.

ಮೈ ಬೆಚ್ಚಗಾಗಲೆಂದು ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಬೇಡಿ. ಅದರಿಂದ ಹೊರಡುವ ವಿಷಾನಿಲ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೇ ತಲೆನೋವು, ವಾಕರಿಕೆ ಬಂದರೆ ಎಲ್ಲರೂ ಮೊದಲು ಹೊರಗೆ ಬನ್ನಿ; ಬೇಗ ವೈದ್ಯರಿಗೆ ತೋರಿಸಿ.