ಹಲ್ಲು ಜುಮ್ ಅನ್ನೋರಿಗೆ ನಾನು ಮಾಡಿದ್ದು

‘ಪೇಶೆಂಟ್‌ಗೆ ಬ್ರಷ್ ತಗೊಂಡು ಬಾ ಅಂತೀಯಲ್ಲ, ಯಾರು ತರ್ತಾರೆ ಮಾರಾಯ?’ ಎಂದು ನಮ್ಮ ಡೆಂಟಲ್ ಕಾಲೇಜಿನ ಬ್ಯಾಚಿನವರು ನಕ್ಕಿದ್ದರು. ಈಗ ಅವರಲ್ಲೇ ಇಬ್ಬರು ತರಿಸುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಹೋದ ದುಡ್ಡಿನ ಲೆಕ್ಕ. ಜುಮ್ ತಗ್ಗಿಸಲೆಂದು ಸೆಕೆಂಡ್ ಹ್ಯಾಂಡ್ ಡಯೋಡ್ ಲೇಸರ್ ಯಂತ್ರಕ್ಕೆ ಒಂದೂವರೆ ಲಕ್ಷದ ಹತ್ತಿರ ಸುರಿದೆ. ಸಲಕ್ಕೆ 800 ರೂಪಾಯಿ ಅಂದರೆ ಶಿರಸಿಯಲ್ಲಿ ಯಾರು ಬರುತ್ತಾರೆ? ಬಂದವರೂ ಎರಡು ತಿಂಗಳಿಗೆ ‘ಡಾಕ್ಟ್ರೇ, ಮತ್ತೆ ಶುರುವಾಯ್ತು’ ಎಂದು ವಾಪಸ್. ಆಮೇಲೆ ಒಸಡಿನ ಹತ್ತಿರ ಸವೆದಲ್ಲೆಲ್ಲ ಜಿಐಸಿ ಅನ್ನುವ ಹಲ್ಲಿನ ಸಿಮೆಂಟ್ ತುಂಬಿದೆ. ವರ್ಷದೊಳಗೆ ಹತ್ತರಲ್ಲಿ ನಾಲ್ಕು ಉದುರಿರಬೇಕು. ಎಲ್ಲ ಬಿಟ್ಟಿ ರಿಪೇರಿ.

ಇದಕ್ಕಿಂತ ನಾಚಿಕೆಯಾಗಿದ್ದು ಒಬ್ಬ ತೋಟದ ಯಜಮಾನರ ವಿಷಯದಲ್ಲಿ. 36ಕ್ಕೆ, ಅಂದರೆ ಎಡಗಡೆ ಕೆಳಗಿನ ಮೊದಲ ದವಡೆ ಹಲ್ಲಿಗೆ, ಮೂರು ಸಲ ಫ್ಲೋರೈಡ್ ವಾರ್ನಿಷ್ ಬಳಿದೆ. ನೋಡಿದರೆ ಅದು ಬಿರುಕು ಬಿಟ್ಟ ಹಲ್ಲು! ಕವಳದ ಅಡಿಕೆ ಕಡಿದು ಕಡಿದು ಸೀಳಿತ್ತು. ಆರ್‌ಸಿಟಿ (ಬೇರಿನ ನಾಳದ ಚಿಕಿತ್ಸೆ), ಕ್ಯಾಪ್ ಎರಡೂ ನನ್ನ ಖರ್ಚಿನಲ್ಲೇ. ಅಂದಿನಿಂದ ಜುಮ್ ಪರೀಕ್ಷೆಗೆ ಗಾಳಿ ಊದುವ ಮೊದಲು ಕಚ್ಚಿಸಿ ನೋಡುತ್ತೇನೆ. ಕಚ್ಚಿದ್ದನ್ನು ಬಿಡುವಾಗ ಚುಳ್ ಅಂದರೆ ಅದು ಬೇರೆ ಕಥೆ, ಬಿರುಕಿನ ಅನುಮಾನ.

ಈಗ ಮಾಡುವುದು ಇಷ್ಟೇ. ಕನ್ನಡಿ ಮುಂದೆ ಅವರದೇ ಬ್ರಷ್‌ನಲ್ಲಿ ಉಜ್ಜಿಸುತ್ತೇನೆ. ಬಹಳ ಜನ ಗರಗಸ ಎಳೆದ ಹಾಗೆ ಎಳೆಯುತ್ತಾರೆ. ಬಲಗೈಯವರಾದರೆ ಸವೆತಕ್ಕೆ ಎಡಗಡೆಯ ಕೋರೆಹಲ್ಲು ಮೊದಲು ನೋಡಿ. ಹಳೇ ಬ್ರಷ್ ಕಸಕ್ಕೆ, ಮೆತ್ತನೆಯದು ನನ್ನ ಲೆಕ್ಕದಲ್ಲಿ. ಮೂವತ್ತು ರೂಪಾಯಿ ಹೋದರೆ ಹೋಗಲಿ. ರಾತ್ರಿ 5% ಪೊಟ್ಯಾಸಿಯಂ ನೈಟ್ರೇಟ್ ಪೇಸ್ಟ್ ಬೆರಳಲ್ಲಿ ತಿಕ್ಕಿ ಉಗುಳುವುದು, ಬಾಯಿ ಮುಕ್ಕಳಿಸುವಂತಿಲ್ಲ. ಮೂರು ವಾರ ತಾಳ್ಮೆ ಬೇಕು. ಅರವತ್ತು ಜನರಲ್ಲಿ ನಲವತ್ತು ಚಿಲ್ಲರೆ ಜನಕ್ಕೆ ಇಷ್ಟೇ ಸಾಕಾಯಿತು. ಉಳಿದವರಿಗೆ ವಾರದ ಅಂತರದಲ್ಲಿ ಎರಡು ಸಲ ಫ್ಲೋರೈಡ್ ವಾರ್ನಿಷ್, 300 ರೂಪಾಯಿ. ಹಲ್ಲು ಒಣಗಿರಬೇಕು. ಕೆಳಗಿನ ಹಲ್ಲಿಗೆ ಎಂಜಲು ತಡೆಯಲು ನನ್ನದೊಂದು ಉಪಾಯ ಇದೆ, ಅದನ್ನು ಬರೆಯಲ್ಲ. ಚಹಾಕ್ಕೆ ಬನ್ನಿ, ತೋರಿಸುತ್ತೇನೆ.

ಸುಮ್ನೆ ಕುತೂಹಲಕ್ಕೆ ನನ್ನ ಮೇಲೂ ಪ್ರಯೋಗ ಮಾಡಿದೆ. ಹತ್ತು ದಿನ ಹುಳಿ ಮುರುಗಲು (ಕೋಕಂ) ಪಾನಕ ಕುಡಿದ ಕೂಡಲೇ ಹಲ್ಲುಜ್ಜಿದೆ. ಕೊನೆಕೊನೆಗೆ ನಲ್ಲಿ ನೀರಿಗೂ ಜುಮ್! ಅರ್ಧ ಗಂಟೆ ಬಿಟ್ಟು ಉಜ್ಜಿದಾಗ ಅಷ್ಟಿರಲಿಲ್ಲ. ಮಡದಿಗೆ ಮಾತ್ರ ಇದು ಹುಚ್ಚಾಟ.

ಹಲ್ಲಿಗೆ ಅಂಟಿದ ಗಟ್ಟಿ ಕಿಟ್ಟ ತೆಗೆದ ಮೇಲೆ ‘ನೀವೇ ಹಲ್ಲು ಹಾಳು ಮಾಡಿದ್ರಿ’ ಅನ್ನುವವರು ನಿಮಗೂ ಸಿಕ್ಕಿರುತ್ತಾರೆ, ಅಲ್ವಾ? ಕೆಲವು ದಿನ ಜುಮ್ ಅನ್ನುತ್ತದೆ ಎಂದು ಮೊದಲೇ ಹೇಳಿ. ವಾರ್ನಿಷ್‌ನಿಂದ ಹಲ್ಲಿಗೆ ಬರುವ ಹಳದಿ ಬಣ್ಣದ ಬಗ್ಗೆಯೂ ಹೇಳಿ. ಹೇಳದೆ ಕಳಿಸಿದ ಒಬ್ಬರಿಂದ ನನಗೆ ರಾತ್ರಿ ಹತ್ತೂವರೆಗೆ ಫೋನ್ ಬಂದಿತ್ತು. ಮಾರನೇ ದಿನ ಅವರ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರಂತೆ.