ಟೇಬಲ್ ಸಾಗೆ ದಿನಬಳಕೆಯ ಬ್ಲೇಡು: ನಾನು 40 ಹಲ್ಲಿಗೆ ಬಂದದ್ದು ಹೇಗೆ

ಹಲ್ಲು ಜಾಸ್ತಿ ಇದ್ದಷ್ಟೂ ಕೊಯ್ತ ನುಣುಪು ಅಂತ ನಂಬಿ ನಾನು ಟೇಬಲ್ ಸಾಗೆ, ಅಂದರೆ ಮೇಜಿನ ನಡುವಿನಿಂದ ಗುಂಡನೆಯ ಬ್ಲೇಡು ಮೇಲೆದ್ದು ಮರ ಕೊಯ್ಯುವ ಮಷಿನ್ನಿಗೆ, ಮೊದಲು ತಂದದ್ದು 10 ಇಂಚಿನ, 80 ಹಲ್ಲಿನ ಬ್ಲೇಡು. ಪ್ಲೈವುಡ್‌ಗೆ ಚೆನ್ನಾಗಿತ್ತು. ಅಂಚಿನಲ್ಲಿ ಚಕ್ಕೆ ಏಳಲಿಲ್ಲ. ಆಮೇಲೆ ದೇವರ ಮಂಟಪಕ್ಕೆಂದು ಒಂದೂವರೆ ಇಂಚು ದಪ್ಪದ ಹಲಸಿನ ಹಲಗೆಯನ್ನು ಉದ್ದಕ್ಕೆ ಸೀಳಲು ಹೊರಟೆ. ಎರಡು ಅಡಿ ಹೋಗುವಷ್ಟರಲ್ಲಿ ಹೊಗೆ ಬಂತು. ಸೀಳಿದ ಅಂಚು ಕಪ್ಪಾಗಿ ಸುಟ್ಟಿತ್ತು.

ಹಲ್ಲುಗಳ ನಡುವಿನ ಸಂದೇ ಇದಕ್ಕೆ ಕಾರಣ. ಉದ್ದಕ್ಕೆ ಸೀಳುವಾಗ ಪುಡಿಯ ಜೊತೆ ನಾರಿನಂಥ ಎಳೆಗಳೂ ಬರುತ್ತವೆ. 80 ಹಲ್ಲಿನಲ್ಲಿ ಸಂದು ಚಿಕ್ಕದು, ಪುಡಿ ಹೊರಗೆ ಬೀಳದೆ ಅಲ್ಲೇ ಉಜ್ಜಿ ಬಿಸಿಯಾಗುತ್ತದೆ. 24 ಹಲ್ಲಿನದನ್ನೂ ಹಾಕಿ ನೋಡಿದೆ. ಹಲಸು ಸಲೀಸಾಗಿ ಸೀಳಿತು. ಆದರೆ ಪ್ಲೈಯನ್ನು ಅಡ್ಡ ಕೊಯ್ದರೆ ಮೇಲಿನ ಪದರವೇ ಕಿತ್ತು ಬಂತು.

ನನ್ನಲ್ಲಿ ಬೆಳಿಗ್ಗೆ ತೇಗದ ಚೌಕಟ್ಟು, ಮಧ್ಯಾಹ್ನ ಕಪಾಟಿನ ಪ್ಲೈ. ಪ್ರತಿ ಸಲ ಬ್ಲೇಡು ಬದಲಿಸುತ್ತಾ ಕೂತರೆ ಕೆಲಸ ಸಾಗುವುದಿಲ್ಲ. ಹಾಗಾಗಿ 40 ಹಲ್ಲು, ಕಾರ್ಬೈಡ್ (ಉಕ್ಕಿಗಿಂತ ಗಟ್ಟಿಯಾದ ವಸ್ತು) ತುದಿಯದ್ದು. ಒಂದು ಹಲ್ಲು ಎಡಕ್ಕೆ, ಮುಂದಿನದು ಬಲಕ್ಕೆ ಓರೆಯಾಗಿರುವುದನ್ನೇ ನೋಡಿ ತಗೊಳ್ಳಿ. ಆ ಓರೆ ಚಾಕುವಿನಂತೆ ಎಳೆಯನ್ನು ಮೊದಲೇ ಕತ್ತರಿಸುತ್ತದೆ.

ಇನ್ನೊಂದು ವಿಷಯವನ್ನು ದಯವಿಟ್ಟು ಹಗುರಾಗಿ ತಗೋಬೇಡಿ. 3.2 ಮಿ.ಮೀ. ಅಗಲದ ಸೀಳು ಕೊಯ್ಯುವ ಬ್ಲೇಡು ತೆಗೆದು 2.4ರದ್ದು ಹಾಕಿದಾಗ ಹಲಗೆ ಹಿಂದಿನ ರೈವಿಂಗ್ ನೈಫ್‌ಗೆ ತಾಗಿ ನಿಂತುಬಿಟ್ಟಿತು. ಸೀಳು ಮುಚ್ಚಿಕೊಳ್ಳದಂತೆ ತಡೆಯುವ ಪಟ್ಟಿ ಅದು. ನನ್ನ ಮಷಿನ್ನಿನಲ್ಲಿ ಅದರ ದಪ್ಪ 2.5. ಅದು ಸೀಳಿಗಿಂತ ತೆಳ್ಳಗಿರಬೇಕು, ಬ್ಲೇಡಿನ ತಗಡಿಗಿಂತ ದಪ್ಪ ಇರಬೇಕು. ಅಡ್ಡ ಬರುತ್ತದೆ ಅಂತ ಅದನ್ನು ಬಿಚ್ಚಿಟ್ಟು ಕೊಯ್ಯಬೇಡಿ. ಸೀಳು ಮುಚ್ಚಿ ಬ್ಲೇಡನ್ನು ಹಿಡಿದರೆ ಹಲಗೆ ನಿಮ್ಮ ಮೇಲೆಯೇ ಚಿಮ್ಮುತ್ತದೆ. ನಾನು 3.2ಕ್ಕೇ ವಾಪಸ್ ಹೋದೆ. ನಡುವಿನ ತೂತು 25.4ರದ್ದೋ 30ರದ್ದೋ ಅಂತಲೂ ಅಳೆದುಕೊಂಡೇ ಅಂಗಡಿಗೆ ಹೋಗಿ.

ಎರಡೂ ಕಡೆ ಲ್ಯಾಮಿನೇಟ್ ಇರುವ ಹಲಗೆಗೆ 40 ಹಲ್ಲು ಸಾಲದು, ಕೆಳಬದಿ ಚಕ್ಕೆ ಏಳುತ್ತದೆ. ಆವತ್ತು ಹಳೆಯ 80ರದ್ದನ್ನೇ ಹಾಕುತ್ತೇನೆ.

ತೇಗ ಕೊಯ್ಯುವಾಗ ಸುಟ್ಟ ವಾಸನೆ ಬಂದ ತಕ್ಷಣ ಸಾಣೆಗೆ ಕೊಡಬೇಡಿ. ಪ್ಲಗ್ ಕಿತ್ತು, ಬ್ಲೇಡು ಬಿಚ್ಚಿ, ಪಾತ್ರೆ ತೊಳೆಯುವ ಸೋಪು ಹಾಕಿದ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ ಚೆನ್ನಾಗಿ ಒರೆಸಿ. ಎಷ್ಟೋ ಸಲ ಹಲ್ಲು ಮೊಂಡಾಗಿರುವುದಿಲ್ಲ, ಮರದ ಅಂಟು ಮೆತ್ತಿಕೊಂಡಿರುತ್ತದೆ ಅಷ್ಟೇ.