ಎಂಟು ಗಂಟೆಯ ಸರ್ವರ್ ಪ್ರವೇಶ: ಅರ್ಜಿಯಿಂದ ಸರ್ಟಿಫಿಕೇಟ್‌ವರೆಗೆ

ಸರ್ವರಿಗೆ ಆಕ್ಸೆಸ್ ಕೊಡುವುದು ಎರಡು ನಿಮಿಷದ ಕೆಲಸ. ಕೊಟ್ಟದ್ದನ್ನು ವಾಪಸ್ ತೆಗೆಯುವುದು ಯಾರಿಗೂ ನೆನಪಿರುವುದಿಲ್ಲ. ಅದಕ್ಕೇ ಓಪನ್‌ಎಸ್‌ಎಸ್‌ಎಚ್ ಸರ್ಟಿಫಿಕೇಟ್ (ದೂರದಿಂದ ಸರ್ವರಿಗೆ ಲಾಗಿನ್ ಆಗುವ ಎಸ್‌ಎಸ್‌ಎಚ್ ಸಾಫ್ಟ್‌ವೇರಿಗೆ ತೋರಿಸುವ, ಅವಧಿ ಬರೆದು ಸಹಿ ಹಾಕಿದ ಪ್ರವೇಶಪತ್ರ) ಆರಿಸಿಕೊಂಡೆವು: ಅವಧಿ ಮುಗಿದರೆ ಅದು ತಾನಾಗಿಯೇ ಸಾಯುತ್ತದೆ.

ಅರ್ಜಿ ಹಾಕುವ ವೆಬ್ ಪೋರ್ಟಲ್ಲಿನ ಫಾರ್ಮಿನಲ್ಲಿ ನಾಲ್ಕೇ ಕಾಲಂ: ಸರ್ವರ್ ಗುಂಪು, ಎಷ್ಟು ಗಂಟೆ, ಟಿಕೆಟ್ (ಕೆಲಸದ ಕೋರಿಕೆ) ನಂಬರ್, ಪಬ್ಲಿಕ್ ಕೀ (ಅರ್ಜಿದಾರರ ಕೀ ಜೋಡಿಯಲ್ಲಿ ಬೇರೆಯವರಿಗೆ ಕೊಡಬಹುದಾದ ಅರ್ಧ). ಹೆಸರು ಲಾಗಿನ್‌ನಿಂದಲೇ ಬರಬೇಕು. ಟೈಪ್ ಮಾಡಲು ಬಿಟ್ಟರೆ ಯಾರ ಹೆಸರಲ್ಲಿ ಬೇಕಾದರೂ ಅರ್ಜಿ ಬೀಳುತ್ತದೆ. ಒಪ್ಪಿಗೆ ಕೊಡಬೇಕಾದವರು ಅರ್ಜಿದಾರರ ಮ್ಯಾನೇಜರ್ ಅಲ್ಲ, ಆ ಸರ್ವರ್ ನೋಡಿಕೊಳ್ಳುವವರು. ಅವರೇ ಅರ್ಜಿ ಹಾಕಿದರೆ ಇನ್ನೊಬ್ಬರಿಗೆ ಹೋಗಬೇಕು. ಈ ಷರತ್ತು ಕೋಡಿನಲ್ಲಿರಲಿ. ಸುತ್ತೋಲೆಯನ್ನು ಯಾರೂ ಓದುವುದಿಲ್ಲ.

ಒಪ್ಪಿಗೆ ಸಿಕ್ಕೊಡನೆ ಸ್ಕ್ರಿಪ್ಟು ಎಸ್‌ಎಸ್‌ಎಚ್-ಕೀಜೆನ್ (ಕೀ ಮಾಡುವ, ಸಹಿ ಹಾಕುವ ಕಮಾಂಡ್) ಓಡಿಸಿ ಪಬ್ಲಿಕ್ ಕೀಗೆ ಸಹಿ ಹಾಕುತ್ತದೆ. ಐಡಿ ಜಾಗದಲ್ಲಿ ಹೆಸರಿನ ಜೊತೆ ಟಿಕೆಟ್ ನಂಬರ್, ಪ್ರಿನ್ಸಿಪಲ್ (ಸರ್ಟಿಫಿಕೇಟ್ ಯಾವ ಹೆಸರಿಗೆ ಸಲ್ಲುತ್ತದೆ ಎಂಬುದು) ಜಾಗದಲ್ಲಿ ಸರ್ವರ್ ಗುಂಪು. ಪ್ರತಿ ಲಾಗಿನ್‌ಗೂ ಆ ಐಡಿ ಸರ್ವರಿನ ಲಾಗ್ ಫೈಲಿನಲ್ಲಿ ಬೀಳುವುದರಿಂದ ಆಡಿಟ್‌ನವರು ಕೇಳಿದಾಗ ಒಂದು ಗ್ರೆಪ್ (ಫೈಲಿನಲ್ಲಿ ಪದ ಹುಡುಕುವ ಕಮಾಂಡ್) ಸಾಕು. ಸಹಿ ಹಾಕುವ ಕೀ ಮಾತ್ರ ಪೋರ್ಟಲ್ ಇರುವ ಯಂತ್ರದಲ್ಲಿ ಇರಕೂಡದು.

ಸರ್ವರ್ ಕಡೆ ಎಸ್‌ಎಸ್‌ಎಚ್ ಸೆಟ್ಟಿಂಗ್‌ನಲ್ಲಿ ಎರಡು ಸಾಲು, ಯಾರ ಸಹಿಯನ್ನು ನಂಬಬೇಕು ಮತ್ತು ಯಾವ ಪ್ರಿನ್ಸಿಪಲ್ ಒಪ್ಪಬೇಕು ಎಂದು ಹೇಳುವುದಕ್ಕೆ: ಟ್ರಸ್ಟೆಡ್‌ಯೂಸರ್‌ಸಿಎಕೀಸ್ ಮತ್ತು ಆಥರೈಸ್ಡ್‌ಪ್ರಿನ್ಸಿಪಲ್ಸ್‌ಫೈಲ್. ಎರಡನೆಯದನ್ನು ಬಿಟ್ಟರೆ ಪ್ರಿನ್ಸಿಪಲ್ಲೂ ಲಾಗಿನ್ ಹೆಸರೂ ಒಂದೇ ಆಗಿರಬೇಕಾಗುತ್ತದೆ. ನಮ್ಮಲ್ಲಿ ಪ್ರಿನ್ಸಿಪಲ್ ಗುಂಪಿನ ಹೆಸರಾದ್ದರಿಂದ ಅದು ಹೊಂದುವುದಿಲ್ಲ. ಆಗ ಬಳಕೆದಾರರಿಗೆ ಕಾಣುವುದು ಬರೀ ಪರ್ಮಿಷನ್ ಡಿನೈಡ್. ಕಾರಣ ಹುಡುಕಲು ಸರ್ವರ್ ಲಾಗನ್ನೇ ನೋಡಬೇಕು.

ಮೊದಲು ಕೈಕೊಡುವುದು ಗಡಿಯಾರ. ಸರ್ವರಿನ ಸಮಯ ಮೂರು ನಿಮಿಷ ಹಿಂದಿದ್ದರೆ ಈಗಷ್ಟೇ ಕೊಟ್ಟ ಸರ್ಟಿಫಿಕೇಟೂ ‘ನಾಟ್ ಯೆಟ್ ವ್ಯಾಲಿಡ್’. ಅವಧಿಯನ್ನು ಐದು ನಿಮಿಷ ಹಿಂದಿನಿಂದ ಶುರುಮಾಡಿ, ಎನ್‌ಟಿಪಿಯನ್ನೂ (ಗಡಿಯಾರ ಹೊಂದಿಸುವ ಸೇವೆ) ಸರಿಮಾಡಿ.

ಎಂಟು ಗಂಟೆ ಮುಗಿದರೂ ಒಳಗಿದ್ದವರು ಒಳಗೇ ಇರುತ್ತಾರೆ, ಏಕೆಂದರೆ ಸರ್ಟಿಫಿಕೇಟ್ ತಪಾಸಣೆ ನಡೆಯುವುದು ಲಾಗಿನ್ ಹೊತ್ತಿನಲ್ಲಿ ಮಾತ್ರ. ಐದು ನಿಮಿಷಕ್ಕೊಮ್ಮೆ ಓಡುವ ಟೈಮರ್ ಅಂಥ ಸೆಷನ್ ಹುಡುಕಿ ಕಡಿಯಬೇಕು. ಎಸ್‌ಎಸ್‌ಎಚ್ ಪ್ರಾಸೆಸ್ಸನ್ನಷ್ಟೇ ಕೊಂದರೆ ಟಿಮಕ್ಸ್ (ಸಂಪರ್ಕ ಕಡಿದರೂ ಟರ್ಮಿನಲ್ ಕೆಲಸ ಉಳಿಸುವ ಪ್ರೋಗ್ರಾಂ) ಒಳಗಿನ ಕೆಲಸ ಸಾಗುತ್ತಲೇ ಇರುತ್ತದೆ. ಲಾಗಿನ್‌ಸಿಟಿಎಲ್ ಎಂಬ ಸಿಸ್ಟಂ ಕಮಾಂಡಿನಿಂದ ಇಡೀ ಸೆಷನ್ ಮುಗಿಸಿ.

ಲ್ಯಾಪ್‌ಟಾಪ್ ಕಳೆದರೆ ನಡುವೆಯೇ ರದ್ದುಮಾಡಲು ರಿವೋಕ್ಡ್‌ಕೀಸ್ ಫೈಲ್ ಇದೆ. ಹುಷಾರು: ಆ ಫೈಲನ್ನು ಓದಲಾಗದಿದ್ದರೆ ಕೀ ಮೂಲಕ ಬರುವ ಎಲ್ಲರಿಗೂ ಬಾಗಿಲು ಮುಚ್ಚುತ್ತದೆ. ಅರ್ಧ ಬರೆದ ಫೈಲ್ ಸರ್ವರಿಗೆ ಸಿಗದಂತೆ ಹೊಸ ಪ್ರತಿಯನ್ನು ಬೇರೆ ಹೆಸರಲ್ಲಿ ಬರೆದು, ಆಮೇಲೆ ಹೆಸರು ಬದಲಿಸಿ.

ಇನ್ನೊಂದು ಕಿಂಡಿ: ಎಂಟು ಗಂಟೆಯೊಳಗೆ ಆಥರೈಸ್ಡ್ ಕೀಸ್ ಫೈಲಿಗೆ (ಸರ್ಟಿಫಿಕೇಟ್ ಇಲ್ಲದೆಯೂ ಒಳಬಿಡುವ ಕೀಗಳ ಪಟ್ಟಿ) ತನ್ನ ಕೀ ಸೇರಿಸಿಟ್ಟವರು ನಾಳೆಯೂ ಬರಬಹುದು. ಆಥರೈಸ್ಡ್‌ಕೀಸ್‌ಫೈಲ್ ಸೆಟ್ಟಿಂಗ್‌ಗೆ ‘ನನ್’ (none, ಯಾವುದೂ ಬೇಡ) ಕೊಡಿ. ಪೋರ್ಟಲ್ ಬಿದ್ದ ದಿನಕ್ಕೆ ಕನ್ಸೋಲ್ (ಎಸ್‌ಎಸ್‌ಎಚ್ ಇಲ್ಲದೆ ಸರ್ವರಿಗೆ ನೇರ ಲಾಗಿನ್) ಪಾಸ್‌ವರ್ಡ್ ಮೊಹರು ಹಾಕಿದ ಲಕೋಟೆಯಲ್ಲಿರಲಿ.